ನೀವ್ ಕೇಳ್ರಿ, ನಾವ್ ಹೇಳ್ತೀವಿ: ಬಸ್ಸಿನಾಗ ಉಳಿದ ಕ್ಯಾಮೆರಾ

ಪ್ರಶ್ನೆ: ಅಣ್ಣಾರ, ನಮಸ್ಕಾರ್ರಿ. ನಾನು ಬಾಗಲಕೋಟಿಯಾಗ ಡಿಗ್ರಿ ಓದಾಕತ್ತೀನ್ರಿ. ಮೊನ್ನೆ ಐತವಾರ ಅವ್ವ, ಕಾಕು ಜೋಡಿ ಐಹೊಳೆ, ಪಟ್ಟದಕಲ್ಲು ನೋಡ್ಕೊಂಡು, ಬಾದಾಮಿ ಮೇಣಬಸದಿ ಹತ್ತಿ ಇಳಿದು ಸಂಜಿಮುಂದ ಬಸ್ ಹಿಡಿದ್ವಿ. ನಮ್ಮಣ್ಣನ ನಿಕಾನ್ ಕ್ಯಾಮೆರಾ ಮ್ಯಾಲಿನ ರ್‍ಯಾಕಿನಾಗ ಇಟ್ಟಿದ್ದೆ, ನವನಗರದಾಗ ಇಳಿಯೂ ಗದ್ದಲದಾಗ ಅಲ್ಲೇ ಬಿಟ್ಟು ಇಳದ್ಬಿಟ್ಟೆ. ಬಸ್ಸು ಹಂಗ ಮುಂದ ವಿಜಯಪುರಕ್ಕ ಹೋತು. ಅಣ್ಣಗ ಇನ್ನೂ ಹೇಳಿಲ್ರಿ. ಈಗ ಏನ್ ಮಾಡ್ಲಿ? ತಿರುಗಿ ಸಿಗ್ತೈತೇನ್ರಿ?
(ಹೆಸರು ಬ್ಯಾಡ, ಬಾಗಲಕೋಟೆ)

ಉತ್ತರ: ತಂಗಿ, ಮೊದಲ ಅಣ್ಣಗ ಹೇಳವಾ. ಬೈಸ್ಕೊಳ್ಳಾಕ ಅಲ್ಲ, ಕ್ಯಾಮೆರಾದ ಡಬ್ಬಿ, ಬಿಲ್ಲು ಅವನ ಹತ್ರ ಇರ್ತಾವು, ಅದರ ಮ್ಯಾಲ ಸೀರಿಯಲ್ ನಂಬರ್ ಇರ್ತೈತಿ, ಆ ನಂಬರ್ ಇಲ್ದ ನೀ ಯಾರ ಮುಂದ ಹೋಗಿ ನಿಂತ್ರೂ "ಒಂದು ಕರೀ ಕ್ಯಾಮೆರಾ ರೀ" ಅಂತ ಹೇಳೂದಷ್ಟ ಆಗ್ತೈತಿ. ಡಬ್ಬಿ ರದ್ದಿಗೆ ಹೋಗಿದ್ರ ಅದೇ ಕ್ಯಾಮೆರಾದಿಂದ ತಗದ ಹಳೇ ಫೋಟೋ ಕಂಪ್ಯೂಟರಿನಾಗ ಐತೇನು ನೋಡ್ರಿ. ಒರಿಜಿನಲ್ ಫೈಲಿನೊಳಗ ಎಕ್ಸಿಫ್ ಅಂತ ಮಾಹಿತಿ ಕುಂತಿರ್ತೈತಿ, ಭಾಳ ಕ್ಯಾಮೆರಾ ತಮ್ಮ ಸೀರಿಯಲ್ ನಂಬರ್ ಅದರಾಗ ಬರೀತಾವು. ವಾಟ್ಸಾಪಿನಾಗ ಫೋಟೋ ಅಂತ ಕಳಿಸಿದ್ದು ಮಾತ್ರ ನಡಿಯಂಗಿಲ್ಲ, ಅದು ಇದನ್ನೆಲ್ಲಾ ತಗದು ಒಗೀತೈತಿ.

ಎರಡನೇದು ಟಿಕೆಟ್. ನಿಂದು ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇರ್ಬೇಕು, ರೊಕ್ಕಾ ಕೊಟ್ಟಿಲ್ಲಂತ ನಮ್ಮ ಹೆಣ್ಮಕ್ಕಳು ಅದನ್ನ ಬಸ್ಸಿನಾಗ ಮುದ್ದಿ ಮಾಡಿ ಒಗದ್ಬಿಡ್ತಾರ. ಆದ್ರ ನಿಮ್ಮ ಬಸ್ಸು ಯಾವುದು, ಎಷ್ಟೊತ್ತಿಗೆ ಹತ್ತೀರಿ ಅನ್ನೂದಕ್ಕ ಅದಕ್ಕಿಂತ ಛಲೋ ಸಾಕ್ಷಿ ಇಲ್ಲ. ಪರ್ಸು, ಬ್ಯಾಗು, ಕಾಕೂನ ಕೈಚೀಲ ಎಲ್ಲಾ ಝಾಡಿಸಿ ನೋಡ್ರಿ. ಸಿಗಲಿಲ್ಲಾಂದ್ರ ಬಸ್ ಹತ್ತೂ ಮುಂಚೆ ಸ್ಟ್ಯಾಂಡಿನಾಗ ಚಾ ಕುಡದು ಫೋನ್‌ಪೇ ಮಾಡಿದ್ರ ಅದರ ಟೈಮು, ಬಸ್ಸಿನೊಳಗ ಫೋನಿನಿಂದ ಸೆಲ್ಫಿ ತಗದಿದ್ರ ಅದರ ಟೈಮು, ಇಷ್ಟ ಇದ್ರೂ ಯಾವ ಟ್ರಿಪ್ ಅಂತ ಹಿಡೀಬಹುದು.

ಇನ್ನ ಎಲ್ಲಿ ಕೇಳಬೇಕು ಅನ್ನೂದು. ನಮ್ಮ ಭಾಗದಾಗ ಒಂದು ಗೊಂದಲ ಐತಿ. ಬಾಗಲಕೋಟೆ, ಬೆಳಗಾವಿ ಡಿಪೋ ಬಸ್ಸುಗಳು ವಾಯವ್ಯ ಸಾರಿಗೆ ಸಂಸ್ಥೆಯವು, ವಿಜಯಪುರ ಡಿಪೋದವು ಕಲ್ಯಾಣ ಕರ್ನಾಟಕ ಸಾರಿಗೆಯವು. ಒಂದೇ ಸ್ಟ್ಯಾಂಡಿನಾಗ ಎರಡೂ ನಿಂತಿರ್ತಾವು, ನಾವು ಎಲ್ಲಾಕ್ಕೂ "ಸರ್ಕಾರಿ ಬಸ್" ಅಂತೀವಿ. ನಿಮ್ಮ ಬಸ್ಸು ವಿಜಯಪುರ ಡಿಪೋದ್ದಾಗಿದ್ರ ನೀ ಬಾಗಲಕೋಟಿಯಾಗ ಎಷ್ಟ ಅಡ್ಡಾಡಿದ್ರೂ ಸಾಮಾನು ಅಲ್ಲಿ ವಿಜಯಪುರದಾಗ ಕುಂತಿರ್ತೈತಿ. ಅದಕ್ಕ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಹತ್ರ ಹೋಗಿ ಟೈಮ್ ಹೇಳಿ ಆ ಟ್ರಿಪ್ ಯಾವ ಡಿಪೋದ್ದು ಅಂತ ಮೊದಲ ಕೇಳ್ಕೋ, ಆಮ್ಯಾಲ ಆ ಡಿಪೋಗೆ ಹೋಗು. ಕಂಡಕ್ಟರ್ ಡ್ಯೂಟಿ ಮುಗಿಸಿ ರೊಕ್ಕಾ ಕಟ್ಟಾಕ ಡಿಪೋಗೇ ಬರ್ತಾನ, ಸೀಟಿನ್ಯಾಗ ಏನರ ಸಿಕ್ಕಿದ್ರ ತಂದಿಡೂದೂ ಅಲ್ಲೇ. ಸಾಧ್ಯ ಆದ್ರ ಖುದ್ದ ಹೋಗು, ಫೋನಿನ್ಯಾಗ "ಇಲ್ಲ" ಅನ್ನೂದು ಸಸಾರ, ಎದುರಿಗೆ ಬಂದು ನಿಂತ ಹುಡುಗಿಗೆ ಯಾರರ ಒಬ್ರು ಎದ್ದು ಕಪಾಟು ತಗದು ನೋಡ್ತಾರ. ಅವತ್ತಿನ ಕಂಡಕ್ಟರ್‌ಗೆ ವಾರದ ರಜೆ ಇದ್ರ ಮರುದಿನ ಮತ್ತ ಕೇಳು. ಒಂದ ಸಲ ಕೇಳಿ ಕೈಬಿಡಬ್ಯಾಡ.

ಓದುಗರಿಗೂ ಇದು ಇರಲಿ: ರೈಲಿನಾಗ ಬಿಟ್ರ 139ಕ್ಕ ಫೋನ್ ಹಚ್ರಿ, ಇಲ್ಲಾಂದ್ರ ರೈಲ್‌ಮದದ್ ಆ್ಯಪಿನಾಗ ಹಾಕ್ರಿ, ಬೋಗಿ ನಂಬರ್ ಸೀಟ್ ನಂಬರ್ ಜೊತಿ, ಲಗೂನ, ಯಾಕಂದ್ರ ಗಾಡಿ ಓಡಾಕತ್ತಿರ್ತೈತಿ, ಮುಂದಿನ ಸ್ಟೇಷನ್ನಿನ್ಯಾಗ ಹತ್ತಿ ನೋಡೂ ಅವಕಾಶ ಸ್ವಲ್ಪೇ ಹೊತ್ತು. ಗೋಳಗುಮ್ಮಟ, ಪಟ್ಟದಕಲ್ಲಿನಂಥಾ ಜಾಗಾದಾಗ ಕಳೆದ್ರ ಟಿಕೆಟ್ ಕೌಂಟರ್ ಮಂದಿಗೆ, ಗಾರ್ಡ್‌ಗೆ ನಂಬರ್ ಬರದು ಕೊಟ್ಟು ಬರ್ರಿ. ಬಾದಾಮಿಯಾಗ ಮಂಗ್ಯಾ ಒಯ್ದಿದ್ರ ಅದರ ಹಾದೀನೇ ಬ್ಯಾರೆ.

ಪೊಲೀಸರ ಮಾತು. ಕಳೆದದ್ದು ಬ್ಯಾರೆ, ಕಳವಾಗಿದ್ದು ಬ್ಯಾರೆ. ನೀ ಮರತು ಬಿಟ್ಟದ್ದು ಅಂದ್ರ ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥಾದಾಗ ದಾಖಲ್ ಮಾಡಿ ರಸೀದಿ ತಗೋ, ಮುಂದ ಯಾರರ ತಂದು ಕೊಟ್ರ "ಇದು ನಮ್ದು" ಅನ್ನಾಕ, ವಿಮಾ ಇದ್ರ ಕ್ಲೇಮ್ ಮಾಡಾಕ ಅದ ಬೇಕಾಗ್ತೈತಿ. ಕಳವಾಗಿದ್ದು ಖರೇ ಆದ್ರ ಎಫ್‌ಐಆರ್, ಅದನ್ನ ಯಾವ ಠಾಣೆಯಾಗ ಬೇಕಾದ್ರೂ ಬರಸಬಹುದು, ಝೀರೋ ಎಫ್‌ಐಆರ್ ಅಂತಾರ. ಭಾಳ ಮಂದಿ ಮೊಬೈಲಿನಂಗ ಕ್ಯಾಮೆರಾನೂ ಸರ್ಕಾರದ ಸಿಇಐಆರ್ ಪೋರ್ಟಲಿನಾಗ ಬ್ಲಾಕ್ ಮಾಡಸ್ತೀನಿ ಅಂತ ಹೊಂಡ್ತಾರ, ಅದು ಆಗಂಗಿಲ್ಲ, ಅದು ಐಎಂಇಐ ಅನ್ನೂ ಮೊಬೈಲಿನ ಗುರುತಿನ ನಂಬರ್ ಮ್ಯಾಲ ನಡಿಯೂದು, ಕ್ಯಾಮೆರಾಕ್ಕ ಐಎಂಇಐ ಇರಂಗಿಲ್ಲ.

ಫೇಸ್‌ಬುಕ್ಕು, ಊರಿನ ವಾಟ್ಸಾಪ್ ಗ್ರೂಪಿನಾಗ ಹಾಕು, ಹಾಕಬಾರ್ದು ಅನ್ನಂಗಿಲ್ಲ. ಆದ್ರ ಎಲ್ಲಾ ಬಿಚ್ಚಿ ಹೇಳಬ್ಯಾಡ. ಸೀರಿಯಲ್ ನಂಬರ್ರು, ಲೆನ್ಸಿನ ಮುಚ್ಚಳದ ಮ್ಯಾಲಿನ ಗೀರು, ಕಡೀ ಫೋಟೋದಾಗ ಏನಿತ್ತು ಅನ್ನೂದು, ಇವನ್ನ ನಿನ್ನ ಹತ್ರ ಇಟ್ಕೋ, ಫೋನ್ ಮಾಡಿದವರನ್ನ ಕೇಳಾಕ ಬೇಕಾಗ್ತಾವು. "ಕ್ಯಾಮೆರಾ ನನ್ನ ಹತ್ರ ಐತಿ, ಕೊರಿಯರ್ ಖರ್ಚು ಮೊದಲ ಹಾಕ್ರಿ, ಈ ಕ್ಯೂಆರ್ ಸ್ಕ್ಯಾನ್ ಮಾಡ್ರಿ" ಅಂದ್ರ ಅಂವಾ ಪೋಸ್ಟ್ ಓದಿ ಬಂದ ಠಕ್ಕ, ರೊಕ್ಕಾ ಹೋಗಿದ್ರ ಆಗಿಂದಾಗ 1930ಕ್ಕ ಫೋನ್ ಹಚ್ಚು. ಇನಾಮು ಕೊಡ್ತೀವಿ ಅಂತ ಬರಿ, ಮೊತ್ತ ಮಾತ್ರ ಕೊಡಾಕ ಆಗೂವಷ್ಟ ಬರಿ, ಯಾಕಂದ್ರ 1872ರ ಕರಾರು ಕಾಯ್ದೆ ಪ್ರಕಾರ ಇಷ್ಟ ಇನಾಮು ಅಂತ ಸಾರಿದ ಮ್ಯಾಲ ತಂದುಕೊಟ್ಟವ ಅದನ್ನ ಹಕ್ಕಿಲೆ ಕೇಳಬಹುದು.

ಸಿಗ್ತೈತೇನು ಅಂತ ಕೇಳಿಯಲ್ಲ. ನನ್ನ ತಿಳವಳಿಕಿ ಇಷ್ಟ: ನಮ್ಮ ಮಂದಿಯಾಗ ತಿರುಗಿ ಕೊಡೂವರು ಕಡಿಮಿ ಇಲ್ಲ, ಯಾರಿಗೆ ಕೊಡಬೇಕು ಅನ್ನೂದ ಅವರಿಗೆ ಗೊತ್ತಾಗಂಗಿಲ್ಲ. ಹದಿನೈದು ಸಾವಿರದ ಮೊಬೈಲಿಗಾದ್ರೆ ಮನಿಯವರ ಫೋನ್ ಬರ್ತೈತಿ, ಐವತ್ತು ಸಾವಿರದ ಕ್ಯಾಮೆರಾಕ್ಕ ಯಾರ ಫೋನೂ ಬರಂಗಿಲ್ಲ, ಅದರ ಮೈಮ್ಯಾಲ ಕಂಪನಿ ಹೆಸರು, ಸೀರಿಯಲ್ ನಂಬರ್ ಇರ್ತಾವು, ಯಾರದು ಅನ್ನೂ ಗುರುತು ಇರಂಗಿಲ್ಲ. ಅದಕ್ಕ ಮುಂದಿನ ಸಲ ಊರು ಬಿಡೂ ಮುಂಚೆ ಅದರ ಮ್ಯಾಲ ನಂಬರ್ ಬರೀರಿ. ತಳಕ್ಕ ಸ್ಟಿಕರ್ ಹಚ್ಚಿದ್ರ ಬೆವರಿಗೆ, ಟ್ರೈಪಾಡಿಗೆ ತಿಕ್ಕಿ ಕಿತ್ತು ಹೋಗ್ತೈತಿ, ಅದು ಇರಲಿ, ಜೊತಿಗೆ ಬ್ಯಾಟರಿ ಮ್ಯಾಲೂ ಒಂದು ಸಣ್ಣ ತೆಳ್ಳನ ಚೀಟಿ ಅಂಟಿಸ್ರಿ. ಸಿಕ್ಕವ ಮೊದಲ ಆನ್ ಮಾಡಿ ನೋಡ್ತಾನ, ಆಗಲಿಲ್ಲಂದ್ರ ಬ್ಯಾಟರಿ ಮುಚ್ಚಳ ತಗೀತಾನ, ಅಲ್ಲೇ ನಿಮ್ಮ ನಂಬರ್ ಕಾಣ್ತೈತಿ. ಕನ್ನಡದಾಗೂ ಇಂಗ್ಲಿಷಿನಾಗೂ ಬರೀರಿ, ನಮ್ಮ ಕಡೆ ಬರೂ ಪ್ರವಾಸಿಗರಾಗ ಮರಾಠಿ, ಹಿಂದಿ ಮಂದಿ ಭಾಳ. ಮನಿ ವಿಳಾಸ ಬ್ಯಾಡ, ಮನಿಗೆ ಕೀಲಿ ಹಾಕಿ ಊರಿಗೆ ಹೋಗೀರಿ ಅಂತ ಯಾಕ ಸಾರಬೇಕು. ನಿಮ್ಮ ಮೊಬೈಲ್ ನಂಬರ್ ಒಂದ ಹಾಕಿದ್ರೂ ಸಾಲಂಗಿಲ್ಲ, ಅದೂ ಅದೇ ಬ್ಯಾಗಿನಾಗ ಹೋಗಿರಬಹುದು, ಮನಿಯಾಗಿನವರದೂ ಒಂದು ಇರಲಿ.

ಒಳಗ ಇನ್ನೊಂದು: ಹಾಳಿ ಮ್ಯಾಲ ದಪ್ಪಾಗಿ ನಂಬರ್ ಬರದು ಅದರ ಫೋಟೋ ಕ್ಯಾಮೆರಾದಾಗ ತಗದು, ಅಳಿಸಿ ಹೋಗದಂಗ ಪ್ರೊಟೆಕ್ಟ್ ಮಾಡಿ ಇಡ್ರಿ. ಡಿಲೀಟ್ ಆಲ್ ಒತ್ತಿದ್ರೂ ಅದು ಉಳೀತೈತಿ, ಫಾರ್ಮ್ಯಾಟ್ ಮಾಡಿದ್ರ ಮಾತ್ರ ಹೋಗ್ತೈತಿ, ಹಂಗಾಗಿ ಫಾರ್ಮ್ಯಾಟ್ ಮಾಡಿದಾಗೆಲ್ಲಾ ಮತ್ತ ತಗೀಬೇಕು. ನಿಕಾನ್, ಕ್ಯಾನನ್‌ನ ಭಾಳ ಕ್ಯಾಮೆರಾಗಳ ಮೆನ್ಯುದಾಗ ಕಾಪಿರೈಟ್ ಇನ್ಫರ್ಮೇಷನ್ ಅಂತ ಜಾಗಾ ಇರ್ತೈತಿ, ಅಲ್ಲಿ ಹೆಸರು, ಇಮೇಲ್ ತುಂಬಿದ್ರ ಕಾರ್ಡ್ ಬದಲಿ ಮಾಡಿದ್ರೂ ಅದು ಕ್ಯಾಮೆರಾದಾಗ ಇರ್ತೈತಿ.

ಪ್ರಶ್ನೆ: ಕ್ಯಾಮೆರಾ ಬ್ಯಾಗಿನಾಗ ಏರ್‌ಟ್ಯಾಗ್ (ಸಾಮಾನು ಎಲ್ಲೈತಿ ಅಂತ ತೋರಸೂ ಆ್ಯಪಲ್ ಕಂಪನಿಯ ಸಣ್ಣ ಬಿಲ್ಲೆ) ಹಾಕಿದ್ರ ಇಷ್ಟೆಲ್ಲಾ ತಲಿನೋವು ಯಾಕ್ರಿ?
(ಬೆಳಗಾವಿ ಓದುಗರು)

ಉತ್ತರ: ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದರಾಗ ಜಿಪಿಎಸ್ ಇಲ್ಲ, ಸಿಮ್ಮೂ ಇಲ್ಲ. ಹತ್ರ ಹಾಯ್ದು ಹೋಗೂವರ ಐಫೋನಿಗೆ ಬ್ಲೂಟೂತಿಲೆ ಸಿಗ್ನಲ್ ಕೊಡ್ತೈತಿ, ಆ ಫೋನು ಜಾಗಾ ತಿಳಸ್ತೈತಿ. ಗೋಳಗುಮ್ಮಟದ ಮುಂದ ಅಂಥಾ ಫೋನ್ ಸಾಕಷ್ಟು ಸಿಗ್ತಾವು, ರಾತ್ರಿ ಡಿಪೋದಾಗ ನಿಂತ ಬಸ್ಸಿನ ಸುತ್ತ ಎಷ್ಟ ಇರ್ತಾವು ನೀವ ಹೇಳ್ರಿ. ನಿಮ್ಮದು ಆ್ಯಂಡ್ರಾಯ್ಡ್ ಇದ್ರ ಏರ್‌ಟ್ಯಾಗ್ ಬ್ಯಾಡ, ಗೂಗಲ್‌ನ ಫೈಂಡ್ ಹಬ್ ಅನ್ನೂ ಹುಡುಕೂ ಆ್ಯಪಿಗೆ ಹೊಂದೂ ಬಿಲ್ಲೆ ತಗೋರಿ. ಮತ್ತ ಕುತ್ತಿಗಿಯಾಗ ಕ್ಯಾಮೆರಾ, ಕಾರಿನಾಗ ಬ್ಯಾಗ್ ಇದ್ರ ಸಿಗೂದು ಬ್ಯಾಗಷ್ಟ.

ಪ್ರಶ್ನೆ: ಕೂಡಲಸಂಗಮದಾಗ ಹೊಳಿದಂಡಿ ಮೆಟ್ಟಲ ಮ್ಯಾಲ ನನಗ ಒಂದು ಕ್ಯಾಮೆರಾ ಸಿಕ್ಕೈತ್ರಿ. ಯಾರದು ಅಂತ ಹೆಂಗ ಹುಡುಕ್ಲಿ?
(ಮುದ್ದೇಬಿಹಾಳ ಓದುಗರು)

ಉತ್ತರ: ಮ್ಯಾಲ ಹೇಳಿದ ಜಾಗಾ ಎಲ್ಲಾ ನೋಡ್ರಿ: ತಳ, ಬ್ಯಾಟರಿ, ಮೊದಲ್ನೇ ಫೋಟೋ, ಕಾಪಿರೈಟ್ ಮೆನ್ಯು. ಏನೂ ಇಲ್ಲಾಂದ್ರ ಫೋಟೋದಾಗಿನ ಮುಖ ಬಿಟ್ಟು ಹಿಂದಿಂದು ನೋಡ್ರಿ, ಕಾರಿನ ನಂಬರ್, ಲಾಡ್ಜಿನ ಬೋರ್ಡು, ಹುಡುಗರ ಸಾಲಿ ಯೂನಿಫಾರ್ಮು. ಲಾಡ್ಜ್ ಸಿಕ್ರ ಅವರಿಗೆ ತಾರೀಖು ಹೇಳಿ ಫೋನ್ ಮಾಡ್ರಿ, ಅವರ ರಜಿಸ್ಟರಿನಾಗ ಗಿರಾಕಿ ನಂಬರ್ ಇರ್ತೈತಿ. ಆ ಕುಟುಂಬದ ಫೋಟೋ ಮಾತ್ರ ಫೇಸ್‌ಬುಕ್ಕಿಗೆ ಏರಿಸಬ್ಯಾಡ್ರಿ, ಕಳಕೊಂಡವರು ಅವ್ರು, ಮರ್ಯಾದಿನೂ ಅವರದ. ಯಾರೂ ಸಿಗಲಿಲ್ಲಾಂದ್ರ ಠಾಣೆಗೆ ಕೊಟ್ಟು ಸ್ವೀಕೃತಿ ಬರಿಸ್ಕೊಳ್ರಿ. ಹುಡುಕೂ ಪ್ರಯತ್ನ ಮಾಡ್ದ ಮನ್ಯಾಗ ಇಟ್ಕೊಂಡು ಬಳಸಿದ್ರ, ಮಾರಿದ್ರ ಅದು ಕಾಯ್ದೆ ಪ್ರಕಾರ ಅಪರಾಧ, "ಸಿಕ್ಕಿದ್ದು ರೀ, ಕದ್ದಿಲ್ಲ" ಅಂದ್ರ ನಡಿಯಂಗಿಲ್ಲ. ಕೇಳ್ಕೊಂಡು ಯಾರರ ಬಂದ್ರ ಕೈಗೆ ಕೊಡೂ ಮುಂಚೆ ಕಡೀ ಫೋಟೋ ಯಾವುದು ಅಂತ ಅವರಿಂದ ಹೇಳಸ್ರಿ.