ಬೇರೆಯವರ ಅಂಕಿ, ನಿಮ್ಮ ಹೆಬ್ಬೆರಳು

ತುಮಕೂರಿನ ಬಿ.ಎಚ್. ರಸ್ತೆಗೆ ತಾಗಿದ ಅಡ್ಡರಸ್ತೆಯೊಂದರಲ್ಲಿ ನನ್ನ ಮೊಬೈಲ್ ರಿಪೇರಿ ಅಂಗಡಿ ಇದೆ. ಒಡೆದ ಡಿಸ್‌ಪ್ಲೇ ಬದಲಿಸುವುದು ಕಸುಬು, ರಾತ್ರಿ ಶಟರ್ ಎಳೆದ ಮೇಲೆ ಒಂದೆರಡು ಮ್ಯಾಚ್ ಆಡುವುದು ಚಟ. ಎರಡೂ ಇರುವವನು ಎಂದೋ ಏನೋ, ಶೂಟಿಂಗ್ ಗೇಮ್‌ಗಳ ಸೆನ್ಸಿಟಿವಿಟಿ, ಎಂದರೆ ಬೆರಳು ಇಷ್ಟು ಎಳೆದರೆ ಗುರಿ ಎಷ್ಟು ಸರಿಯಬೇಕು ಎಂಬ ಅಂಕಿ, ಅದರ ಬಗ್ಗೆ ಬಂದ ಪತ್ರಗಳನ್ನೆಲ್ಲ ಈ ಸಲ ನನ್ನ ಮುಂದೆ ಸುರಿದಿದ್ದಾರೆ.

ಪ್ರಶ್ನೆ: ನಾನು ತಿಪಟೂರಿನಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಶೂಟಿಂಗ್ ಗೇಮ್ ಆಡುತ್ತೇನೆ. ಹೆಸರಾದ ಆಟಗಾರರೊಬ್ಬರ ಸೆನ್ಸಿಟಿವಿಟಿ ಕೋಡ್ ಹಾಕಿಕೊಂಡೆ. ಅವರ ಕೈಯಲ್ಲಿ ಗನ್ ಅಲುಗುವುದೇ ಇಲ್ಲ, ನನ್ನ ಕೈಯಲ್ಲಿ ಎಕೆಎಂ ಗನ್ ಗುಂಡು ಹಾರಿಸಿದೊಡನೆ ಆಕಾಶ ನೋಡುತ್ತದೆ. ಒಂದು ತಿಂಗಳಲ್ಲಿ ಹನ್ನೊಂದು ಕೋಡ್ ಬದಲಿಸಿದೆ. ಎರಡು ಹೆಬ್ಬೆರಳಿನಲ್ಲಿ ಆಡುತ್ತೇನೆ, ಫೋನ್ ಓಲಿಸಿ ಆಡುವ ಜೈರೋ ಬಳಸುವುದಿಲ್ಲ. ಸರಿಯಾದ ಕೋಡ್ ಯಾವುದು ಸಾರ್?

ಉತ್ತರ: ಹನ್ನೆರಡನೆಯದೂ ನಿಮಗೆ ಸರಿಹೋಗುವುದಿಲ್ಲ. ಉತ್ತರ ನಿಮ್ಮ ಪತ್ರದ ಕೊನೆಯ ಸಾಲುಗಳಲ್ಲೇ ಇದೆ: ಎರಡು ಹೆಬ್ಬೆರಳು, ಜೈರೋ ಇಲ್ಲ.

ನಮ್ಮ ತಂದೆ ಇಲ್ಲಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿದ್ದರು. 2016ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಮನೆಗೆ ಗಡಿಯಾರ ತರುವವರು ನಿಲ್ಲಲಿಲ್ಲ. ಕೀ ಕೊಡುವ ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆ ಎಂದರೆ, ಹಿಂಬದಿಯ ಮುಚ್ಚಳ ತೆಗೆದು, ಬ್ಯಾಲೆನ್ಸ್ ಚಕ್ರದ ಮೇಲಿರುವ ಪುಟ್ಟ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿ, ಮುಚ್ಚಿ, ‘ನಾಳೆ ಇದೇ ಹೊತ್ತಿಗೆ ನೋಡೋಣ’ ಎನ್ನುತ್ತಿದ್ದರು. ಆ ದಿನ ಅದನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಪಕ್ಕದ ಗಡಿಯಾರದಲ್ಲಿ ಕಡ್ಡಿ ಎಲ್ಲಿ ನಿಂತಿದೆ ಎಂದು ನೋಡಿಕೊಂಡು ಇದನ್ನೂ ಅಲ್ಲಿಗೇ ಸರಿಸುವ ಯೋಚನೆ ಅವರಿಗೆ ಕನಸಿನಲ್ಲೂ ಬಂದಿರಲಾರದು. ನೀವು ತಿಂಗಳಿಡೀ ಮಾಡಿದ್ದು ಅದನ್ನೇ.

ಕೋಡ್ ಎಂದರೆ ಒಂದು ಕಟ್ಟು ಅಂಕಿಗಳು, ಅಷ್ಟೆ. ಅದರಲ್ಲಿ ಮುಖ್ಯವಾಗಿ ಮೂರು ಗುಂಪುಗಳಿವೆ. ಕ್ಯಾಮೆರಾ ಸೆನ್ಸಿಟಿವಿಟಿ ಗುಂಡು ಹಾರಿಸದೆ ಸುತ್ತ ನೋಡುವಾಗ ಕೆಲಸ ಮಾಡುತ್ತದೆ. ಎಡಿಎಸ್ (ಏಮ್ ಡೌನ್ ಸೈಟ್ಸ್, ಗನ್ನಿನ ಸ್ಕೋಪ್‌ನಿಂದ ಗುರಿಯಿಡುವುದು) ಎನ್ನುವುದು ಹೆಸರಿನಿಂದ ದಾರಿ ತಪ್ಪಿಸುತ್ತದೆ. ಸ್ಕೋಪ್ ತೆರೆದಾಗಿನದು ಎಂದು ಬಹಳ ಜನ ತಿಳಿದಿದ್ದಾರೆ, ಈ ಗೇಮ್‌ನಲ್ಲಿ ಅದು ಗುಂಡು ಹಾರುತ್ತಿರುವಾಗ ಬೆರಳಿನ ಎಳೆತಕ್ಕೆ ಸಂಬಂಧಿಸಿದ್ದು. ಮೂರನೆಯದು ಜೈರೋ, ಫೋನನ್ನೇ ಓಲಿಸಿ ಗುರಿ ಹಿಡಿಯುವ ಬಗೆ. ದೊಡ್ಡ ಆಟಗಾರರಲ್ಲಿ ಬಹುಪಾಲು ಜನ ಜೈರೋವನ್ನು ಸದಾ ಆನ್ ಇಟ್ಟು, ಗನ್ ಮೇಲೆ ಜಿಗಿಯುವುದನ್ನು ಮಣಿಕಟ್ಟಿನ ಓಲಾಟದಿಂದಲೇ ಅದುಮುತ್ತಾರೆ. ಅವರ ಕೋಡಿನಲ್ಲಿ ಎಡಿಎಸ್ ಅಂಕಿಗಳು ಬಾಡಿಗೆಗೆ ಹೋಗದ ಮನೆಯ ಹಾಗೆ ಸುಮ್ಮನೆ ಬಿದ್ದಿರುತ್ತವೆ. ನೀವು ಆ ಕೋಡನ್ನು ತಂದು, ಅವರು ಬಳಸುವ ಭಾಗವನ್ನು ಆಫ್ ಮಾಡಿ, ಅವರು ಬಳಸದ ಭಾಗದಿಂದ ಎಕೆಎಂ ಹಿಡಿಯಲು ಹೊರಟಿದ್ದೀರಿ. ಅದು ಆಕಾಶ ನೋಡದೆ ಇನ್ನೇನು ಮಾಡೀತು?

ಈಗ ಕೆಲಸಕ್ಕೆ ಬನ್ನಿ. ಸೆಟ್ಟಿಂಗ್ಸ್‌ನಲ್ಲಿ ಮಧ್ಯಮ ಎಂಬ ಸಿದ್ಧ ಆಯ್ಕೆಗೆ ಹಿಂತಿರುಗಿ. ಟ್ರೈನಿಂಗ್ ಗ್ರೌಂಡ್‌ಗೆ ಹೋಗಿ, ಯಾವುದೇ ಗನ್ ತೆಗೆದುಕೊಳ್ಳದೆ ಒಂದು ಕಂಬದ ಎದುರು ನಿಲ್ಲಿ. ಬಲ ಹೆಬ್ಬೆರಳನ್ನು ಪರದೆಯ ನಡುವಿನಿಂದ ಬಲ ಅಂಚಿನವರೆಗೆ ಸಹಜ ವೇಗದಲ್ಲಿ ಒಮ್ಮೆ ಎಳೆಯಿರಿ. ಕಂಬ ಸರಿಯಾಗಿ ನಿಮ್ಮ ಬೆನ್ನ ಹಿಂದೆ ಹೋದರೆ, ಎಂದರೆ ಅರ್ಧ ಸುತ್ತು ತಿರುಗಿದರೆ, ಸ್ಕೋಪ್ ಇಲ್ಲದ ಕ್ಯಾಮೆರಾ ಅಂಕಿ ನಿಮ್ಮ ಕೈಗೆ ಹೊಂದಿತು. ಕಾಲು ಸುತ್ತಷ್ಟೇ ಬಂದರೆ ಏರಿಸಿ, ದಾಟಿ ಹೋದರೆ ಇಳಿಸಿ. ನೂರರ ಆಸುಪಾಸಿನಲ್ಲಿ ಹೆಚ್ಚಿನವರಿಗೆ ನೆಲೆ ಸಿಗುತ್ತದೆ. ಬೆನ್ನ ಹಿಂದೆ ಹೆಜ್ಜೆ ಸದ್ದು ಕೇಳಿದಾಗ ಒಂದೇ ಎಳೆತಕ್ಕೆ ತಿರುಗಬೇಕು, ಎರಡನೆಯ ಎಳೆತಕ್ಕೆ ಎದುರಾಳಿ ಕಾಯುವುದಿಲ್ಲ.

ಆಮೇಲೆ ಗೋಡೆ. ಎಕೆಎಂ ಪಕ್ಕಕ್ಕಿಟ್ಟು ಎಂ416 ತೆಗೆದುಕೊಳ್ಳಿ. ಒದೆತ ತಗ್ಗಿಸುವ ಗ್ರಿಪ್, ಕಾಂಪೆನ್ಸೇಟರ್ ಯಾವುದೂ ಬೇಡ, ಹಿಗ್ಗಿಸದೆ ಕೆಂಪು ಚುಕ್ಕಿಯಷ್ಟೇ ತೋರಿಸುವ ರೆಡ್ ಡಾಟ್ ಸ್ಕೋಪ್ ಮಾತ್ರ ಸಾಕು. ಗೋಡೆಯಿಂದ ಇಪ್ಪತ್ತು ಹೆಜ್ಜೆ ದೂರ ನಿಂತು ಗೋಡೆಯ ಮೇಲೆ ಒಂದು ಕಲೆಗೆ ಗುರಿಯಿಟ್ಟು, ಮ್ಯಾಗಜಿನ್‌ನ 30 ಗುಂಡುಗಳನ್ನೂ ಒಂದೇ ಸಮನೆ ಹಾರಿಸಿ, ಹೆಬ್ಬೆರಳನ್ನು ಕೆಳಕ್ಕೆ ಎಳೆಯುತ್ತಾ ಹೋಗಿ. ಬಳಿಕ ಹತ್ತಿರ ಹೋಗಿ ಗುಂಡಿನ ಗುರುತು ನೋಡಿ. ಗುರುತುಗಳು ಬಳ್ಳಿಯ ಹಾಗೆ ಮೇಲಕ್ಕೆ ಹಬ್ಬಿ, ನಿಮ್ಮ ಬೆರಳು ಪರದೆಯ ಕೆಳ ಅಂಚಿಗೆ ಬಂದು ಜಾಗ ಮುಗಿದಿದ್ದರೆ ರೆಡ್ ಡಾಟ್‌ನ ಎಡಿಎಸ್ ಅನ್ನು 5 ಏರಿಸಿ. ಕಲೆಗಿಂತ ಕೆಳಗೆ ಇಳಿದಿದ್ದರೆ 5 ಇಳಿಸಿ. ಎಡಬಲಕ್ಕೆ ಚೆಲ್ಲಾಪಿಲ್ಲಿಯಾಗಿದ್ದರೆ ಅಂಕಿ ಅತಿಯಾಗಿದೆ, ಇಲ್ಲವೇ ಕೈ ನಡುಗುತ್ತಿದೆ. ಏರಿಸುವುದು ಅದಕ್ಕೆ ಮದ್ದಲ್ಲ. ಮೂವತ್ತರಲ್ಲಿ ಇಪ್ಪತ್ತು ಗುಂಡು ಒಂದು ತಟ್ಟೆಯಗಲದೊಳಗೆ ಬಿದ್ದರೆ ನಾನು ಅಲ್ಲಿಗೆ ನಿಲ್ಲಿಸುತ್ತೇನೆ. ಎಕೆಎಂ ಆಮೇಲೆ. ಅದರ 7.62 ಮಿ.ಮೀ. ಗುಂಡಿನ ಒದೆತ ಎಂ416ರ 5.56 ಮಿ.ಮೀ. ಗುಂಡಿಗಿಂತ ಜೋರು, ಅದನ್ನು ಹಿಡಿಯುವುದು ಕೈಯ ಅಭ್ಯಾಸವೇ ಹೊರತು ಅಂಕಿಯಲ್ಲ. ಎಕೆಎಂಗೆಂದು ಅಂಕಿ ಏರಿಸಿಕೊಂಡವರಿಗೆ ಉಳಿದ ಗನ್ನುಗಳೆಲ್ಲ ನೆಲ ಕೆರೆಯುತ್ತವೆ.

ಸ್ಕೋಪ್ ದೊಡ್ಡದಾದಷ್ಟೂ ಅಂಕಿ ಚಿಕ್ಕದಾಗಬೇಕು. ದೇವರಾಯನದುರ್ಗದ ಮೇಲಿಂದ ಬೈನಾಕ್ಯುಲರ್‌ನಲ್ಲಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ: ಕೈ ಎಳ್ಳಷ್ಟು ಅಲುಗಿದರೆ ಊರೇ ಜಿಗಿಯುತ್ತದೆ. ಬೆರಳಿನ ಎಳೆತ ಅಷ್ಟೇ ಇದ್ದರೂ ಹಿಗ್ಗಿದ ಚಿತ್ರದಲ್ಲಿ ಗುರಿ ಹೆಚ್ಚು ದೂರ ಸರಿಯುತ್ತದೆ. ಜೈರೋ ಇಲ್ಲದವರು ರೆಡ್ ಡಾಟ್‌ಗೆ 55, ಎರಡು ಪಟ್ಟು ಹಿಗ್ಗಿಸುವ 2ಎಕ್ಸ್‌ಗೆ 38, 3ಎಕ್ಸ್‌ಗೆ 28, 4ಎಕ್ಸ್‌ಗೆ 20, 6ಎಕ್ಸ್‌ಗೆ 14, 8ಎಕ್ಸ್‌ಗೆ 10ರಿಂದ ಶುರು ಮಾಡಬಹುದು. ಇವು ನನ್ನ ಅಂಕಿಗಳು ಎಂಬುದನ್ನು ಮರೆಯಬೇಡಿ. ನನ್ನ ಫೋನ್ ದೊಡ್ಡದು, ಸ್ಕ್ರೂ ಡ್ರೈವರ್ ಹಿಡಿದೂ ಹಿಡಿದೂ ನನ್ನ ಹೆಬ್ಬೆರಳು ಒರಟು.

ಇನ್ನೊಂದು ಮಾತು. ಒಂದು ಅಂಕಿ ಬದಲಿಸಿದ ಮೇಲೆ ಮೂರು ದಿನ ಅದರ ಮೇಲೆ ಕೈ ಹಾಕಬೇಡಿ. ಸೋತ ಮ್ಯಾಚ್ ಮುಗಿದ ಕೂಡಲೇ ಸೆಟ್ಟಿಂಗ್ಸ್ ತೆರೆಯುವ ಚಟ ನನಗೂ ಇತ್ತು. ಬೆರಳು ಒಂದು ಅಳತೆಗೆ ಒಗ್ಗುವ ಹೊತ್ತಿಗೆ ನಾನೇ ಅಳತೆಗೋಲು ಬದಲಿಸುತ್ತಿದ್ದೆ. ಹಾಳೆಯೊಂದರಲ್ಲಿ ತಾರೀಖು, ಹಳೆಯ ಅಂಕಿ, ಹೊಸ ಅಂಕಿ ಬರೆದಿಡಿ. ಬಿ.ಕಾಂ. ಓದುವವರಿಗೆ ಲೆಡ್ಜರ್ ಬರೆಯುವುದನ್ನು ನಾನು ಹೇಳಿಕೊಡಬೇಕೆ?

ಪ್ರಶ್ನೆ: ಕೋಲಾರದ ಟೊಮೆಟೊ ಮಂಡಿಯಲ್ಲಿ ಅಪ್ಪನ ಜೊತೆ ಕೆಲಸ ಮಾಡುತ್ತೇನೆ. ನನ್ನ ಫೋನಿನಲ್ಲಿ ಜೈರೋಸ್ಕೋಪ್ ಆನ್ ಮಾಡಿದರೂ ಏನೂ ಆಗುವುದಿಲ್ಲ. ಅಣ್ಣನ ಫೋನಿನಲ್ಲಿ ಆಗುತ್ತದೆ, ಆದರೆ ಗುರಿ ತಾನಾಗಿ ಒಂದು ಕಡೆಗೆ ಜಾರುತ್ತಾ ಹೋಗುತ್ತದೆ. ಸೆಟ್ಟಿಂಗ್ ತಪ್ಪೇ?

ಉತ್ತರ: ನಿಮ್ಮದರಲ್ಲಿ ಜೈರೋ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಫೋನ್ ಅಡ್ಡ ಹಿಡಿದಾಗ ವಿಡಿಯೊ ಅಡ್ಡ ತಿರುಗುತ್ತದಲ್ಲ, ಅದನ್ನು ಮಾಡುವುದು ಆಕ್ಸಿಲರೋಮೀಟರ್, ಜೈರೋ ಅಲ್ಲ. ಜೈರೋ ಬೇರೆಯೇ ಚಿಪ್. ಸಿಲಿಕಾನ್‌ನಲ್ಲಿ ಕೆತ್ತಿದ ಕಣ್ಣಿಗೆ ಕಾಣದಷ್ಟು ಚಿಕ್ಕ ತುಣುಕೊಂದು ಅದರೊಳಗೆ ಸದಾ ಕಂಪಿಸುತ್ತಿರುತ್ತದೆ. ಫೋನ್ ತಿರುಗಿದಾಗ ಆ ತುಣುಕು ಪಕ್ಕಕ್ಕೆ ವಾಲುತ್ತದೆ, ಎಷ್ಟು ವಾಲಿತು ಎಂಬುದರಿಂದ ತಿರುಗಿದ ವೇಗ ಗೊತ್ತಾಗುತ್ತದೆ. ಕಡಿಮೆ ಬೆಲೆಯ ಹಲವು ಫೋನ್‌ಗಳಲ್ಲಿ ಕಂಪನಿಯವರು ಈ ಚಿಪ್ ಹಾಕುವುದೇ ಇಲ್ಲ. ಇನ್ನು ಕೆಲವದರಲ್ಲಿ ‘ವರ್ಚುವಲ್ ಜೈರೋ’ ಎಂದು ಬರೆದಿರುತ್ತದೆ, ಎಂದರೆ ಬೇರೆ ಸೆನ್ಸರ್‌ಗಳ ಲೆಕ್ಕದಿಂದ ಅಂದಾಜು ಮಾಡುವುದು. ದಿಕ್ಸೂಚಿ, ನಕ್ಷೆಗೆ ಅದು ಸಾಕು, ಗುರಿ ಹಿಡಿಯಲು ಸಾಲದು. ಮುಂದಿನ ಸಲ ಫೋನ್ ಕೊಳ್ಳುವಾಗ ಸೆನ್ಸರ್‌ಗಳ ಪಟ್ಟಿಯಲ್ಲಿ ಜೈರೋಸ್ಕೋಪ್ ಎಂಬ ಪದವನ್ನು ಕಣ್ಣಾರೆ ನೋಡಿಯೇ ಹಣ ಕೊಡಿ.

ಅಣ್ಣನ ಫೋನನ್ನು ಮೇಜಿನ ಮೇಲೆ ಮಲಗಿಸಿ ಟ್ರೈನಿಂಗ್ ಗ್ರೌಂಡ್ ತೆರೆಯಿರಿ. ಯಾರೂ ಮುಟ್ಟದಿದ್ದರೂ ದೃಶ್ಯ ಜಾರುತ್ತಿದ್ದರೆ ಸೆನ್ಸರ್‌ನ ಸೊನ್ನೆ ತಪ್ಪಿದೆ. ಬಿಸಿ ಏರಿದಾಗ ಹೀಗಾಗುವುದುಂಟು. ತಣಿಯಲು ಬಿಟ್ಟು, ಮಲಗಿಸಿದ ಹಾಗೆಯೇ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಯಸ್ಕಾಂತದ ಮುಚ್ಚಳವಿರುವ ಫ್ಲಿಪ್ ಕವರ್ ಇದ್ದರೆ ಅದನ್ನೂ ತೆಗೆದು ನೋಡಿ, ವರ್ಚುವಲ್ ಜೈರೋಗೆ ಅದೊಂದು ಶನಿ. ಮೇಜಿನ ಮೇಲೆ ನೆಟ್ಟಗಿದ್ದು ಕೈಯಲ್ಲಿ ಮಾತ್ರ ಜಾರಿದರೆ ಜಾರುತ್ತಿರುವುದು ಕೈ. ಮೊದಲು ಸ್ಕೋಪ್ ತೆರೆದಾಗ ಮಾತ್ರ ಜೈರೋ ಕೆಲಸ ಮಾಡುವ ಆಯ್ಕೆ ಇಟ್ಟುಕೊಳ್ಳಿ. ಜೈರೋ ಅಂಕಿ 400ರವರೆಗೂ ಹೋಗುತ್ತದೆ, ಹಾಗೆಂದು ಮೊದಲ ದಿನವೇ ಅಲ್ಲಿಗೆ ಹಾರಬೇಡಿ. ರೆಡ್ ಡಾಟ್‌ಗೆ 200ರಿಂದ ಶುರು ಮಾಡಿ, ಮಣಿಕಟ್ಟು ಪಳಗಿದ ಹಾಗೆ ವಾರಕ್ಕೆ 25ರಂತೆ ಏರಿಸಿ.

ಒಂದು ಉಪಕಥೆ. ಕೋಲಾರದಿಂದ ಬರುವಾಗ ಬಸ್ಸಿನಲ್ಲಿ ಆಡುತ್ತಾ, ಪ್ರತಿ ತಿರುವಿನಲ್ಲೂ ಗುರಿ ಓಡುತ್ತದೆ ಎಂದು ಫೋನ್ ರಿಪೇರಿಗೆ ತಂದ ಹುಡುಗನೊಬ್ಬನಿದ್ದ. ಬಸ್ ತಿರುಗಿದರೆ ಫೋನೂ ತಿರುಗುತ್ತದೆ, ಜೈರೋ ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. ಅವನಿಂದ ದುಡ್ಡು ತೆಗೆದುಕೊಳ್ಳಲಿಲ್ಲ.

ಪ್ರಶ್ನೆ: ಚಿಂತಾಮಣಿಯಿಂದ ಬರೆಯುತ್ತಿದ್ದೇನೆ. ಒಂಬತ್ತನೆಯ ತರಗತಿಯ ನನ್ನ ಮಗ ಫ್ರೀ ಫೈರ್ ಮ್ಯಾಕ್ಸ್ ಆಡುತ್ತಾನೆ. ‘ಹೆಡ್‌ಶಾಟ್ ಸೆನ್ಸಿಟಿವಿಟಿ ಫೈಲ್’ ಎಂದು ಯಾರಿಗೋ ನನ್ನ ಫೋನಿನಿಂದ 299 ರೂಪಾಯಿ ಕಳಿಸಿದ್ದಾನೆ. ಇದು ನಿಜವಾಗಿ ಮಾರುವ ವಸ್ತುವೇ? ಫೋನಿಗೆ ಅಪಾಯವಿದೆಯೇ?

ಉತ್ತರ: ಅಮ್ಮಾ, ಮಾರುವ ವಸ್ತುವಲ್ಲ. ಆ ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಜನರಲ್, ರೆಡ್ ಡಾಟ್, 2ಎಕ್ಸ್, 4ಎಕ್ಸ್, ಸ್ನೈಪರ್, ಫ್ರೀ ಲುಕ್ ಎಂದು ಆರು ಗೆರೆಗಳಿವೆ. ಬೆರಳಿನಿಂದ ಹಿಂದೆ ಮುಂದೆ ಸರಿಸಿದರೆ ಮುಗಿಯಿತು, ಕಾಸು ಖರ್ಚಿಲ್ಲ. ಅವನು ಕೊಂಡಿದ್ದು ಬರೀ ಅಂಕಿಗಳ ಚಿತ್ರವಾದರೆ ನಷ್ಟ 299 ರೂಪಾಯಿಗೆ ನಿಂತಿತು.

ಇನ್‌ಸ್ಟಾಲ್ ಮಾಡುವ ಫೈಲಾಗಿದ್ದರೆ ವಿಷಯ ಬೇರೆ. ಹೊರಗಿನ ಫೈಲ್ ಬಳಸಿ ಗೇಮ್ ತಿದ್ದಿದರೆ ಮಗನ ಖಾತೆಯನ್ನು ಕಂಪನಿ ಶಾಶ್ವತವಾಗಿ ಮುಚ್ಚಬಹುದು, ಅದು ಅವನ ಚಿಂತೆ. ನಿಮ್ಮ ಚಿಂತೆ ಬೇರೆ ಇದೆ: ಅಂಥ ಆ್ಯಪ್ ಎಸ್‌ಎಂಎಸ್ ಓದುವ ಅನುಮತಿಯನ್ನೋ ಆ್ಯಕ್ಸೆಸಿಬಿಲಿಟಿ ಅನುಮತಿಯನ್ನೋ ಕೇಳಿದ್ದರೆ ನಿಮ್ಮ ಒಟಿಪಿ ಇನ್ನೊಬ್ಬರ ಕೈಗೆ ಸಿಗಬಹುದು. ಇಂದೇ ಆ ಆ್ಯಪ್ ತೆಗೆಯಿರಿ, ಪ್ಲೇ ಸ್ಟೋರ್‌ನ ಪ್ಲೇ ಪ್ರೊಟೆಕ್ಟ್‌ನಲ್ಲಿ ಸ್ಕ್ಯಾನ್ ಮಾಡಿ, ಅಪರಿಚಿತ ಆ್ಯಪ್ ಇನ್‌ಸ್ಟಾಲ್ ಮಾಡಲು ಬ್ರೌಸರ್‌ಗೆ ಕೊಟ್ಟಿರುವ ಅನುಮತಿಯನ್ನು ಮುಚ್ಚಿ, ಅದಾದ ಮೇಲೆ ಯುಪಿಐ ಪಿನ್ ಬದಲಿಸಿ. ಖಾತೆಯಿಂದ ಬೇರೆ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಗನನ್ನು ಬೈಯುವ ಮೊದಲು ಆ ಆರು ಗೆರೆಗಳನ್ನು ತೋರಿಸು ಎನ್ನಿ. ತೋರಿಸುವಾಗ ಅವನಿಗೇ ನಾಚಿಕೆಯಾದೀತು.

ಪ್ರಶ್ನೆ: ಡೆವಲಪರ್ ಆಪ್ಷನ್‌ನಲ್ಲಿ ಡಿಪಿಐ ಏರಿಸಿದರೆ ಗುರಿ ತಲೆಗೇ ಹೋಗುತ್ತದೆಯಂತೆ, ನಿಜವೇ? (ಮಧುಗಿರಿ)

ಉತ್ತರ: ಅದು ಅಕ್ಷರ, ಐಕಾನ್‌ಗಳ ಗಾತ್ರ ನಿರ್ಧರಿಸುವ ಅಂಕಿ. ತೀರಾ ಏರಿಸಿ, ಬಟನ್‌ಗಳು ಇರುವೆಯಷ್ಟಾಗಿ, ಮರಳಿ ಸೆಟ್ಟಿಂಗ್ಸ್ ತೆರೆಯಲೂ ಆಗದೆ ನನ್ನ ಅಂಗಡಿಗೆ ಬಂದವರಿದ್ದಾರೆ. ಗೇಮ್‌ನೊಳಗಿನ ಅಂಕಿಗಳು ಮುಗಿಯುವವರೆಗೆ ಅತ್ತ ಹೋಗಬೇಡಿ. ಅವು ಮುಗಿಯುವುದೂ ಇಲ್ಲ.

ಪ್ರಶ್ನೆ: ಪಾವಗಡದವನು. ಬೆಳಿಗ್ಗೆ ಸರಿಯಿರುವ ಸೆನ್ಸಿಟಿವಿಟಿ ಮಧ್ಯಾಹ್ನ ಹತ್ತೇ ನಿಮಿಷಕ್ಕೆ ಜಡವಾಗುತ್ತದೆ. ಚಾರ್ಜಿಗೆ ಹಾಕಿಕೊಂಡು ಆಡಿದರೆ ಗುರಿ ತಾನೇ ಜಿಗಿಯುತ್ತದೆ. ಯಾವ ಅಂಕಿ ಬದಲಿಸಲಿ?

ಉತ್ತರ: ಯಾವುದನ್ನೂ ಬೇಡ. ನಿಮ್ಮೂರ ಬಿಸಿಲಿನಿಂದ 2,050 ಮೆಗಾವ್ಯಾಟ್ ವಿದ್ಯುತ್ ತೆಗೆಯುತ್ತಾರೆ, ನಿಮ್ಮ ಫೋನ್ ಸುಮ್ಮನಿದ್ದೀತೇ? ಕಾದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಸೆಕೆಂಡಿಗೆ 60 ಚಿತ್ರ ಬರುತ್ತಿದ್ದಾಗ ಒಂದೊಂದರ ನಡುವೆ ಸುಮಾರು 17 ಮಿಲಿಸೆಕೆಂಡ್ ಅಂತರವಿರುತ್ತದೆ, 30ಕ್ಕೆ ಇಳಿದರೆ ಅದು 33. ಬೆರಳು ಹೋದ ಮೇಲೆ ಗುರಿ ಹೋಗುತ್ತದೆ, ಅದೇ ನಿಮಗೆ ಜಡ ಎನಿಸುವುದು. ಗ್ರಾಫಿಕ್ಸ್ ಅನ್ನು ಸ್ಮೂತ್‌ಗೆ ಇಳಿಸಿ, ಪರದೆಯ ಬೆಳಕು ತಗ್ಗಿಸಿ, ದಪ್ಪ ರಬ್ಬರ್ ಕವರ್ ಕಳಚಿ. 90 ಚಿತ್ರ ಐದು ನಿಮಿಷ ಬಂದು ಕುಸಿಯುವುದಕ್ಕಿಂತ 60 ಒಂದೇ ಸಮನೆ ಬರುವುದು ಲೇಸು. ಫ್ರಿಜ್‌ನಲ್ಲಿಟ್ಟು ತಣಿಸುವವರೂ ಇದ್ದಾರೆ, ಒಳಗೆ ತೇವ ಕಟ್ಟಿಕೊಂಡ ಬೋರ್ಡ್‌ಗಳನ್ನು ಒರೆಸಿ ಒರೆಸಿ ನನಗೆ ಸಾಕಾಗಿದೆ.

ಚಾರ್ಜಿಂಗ್ ವಿಷಯಕ್ಕೆ ಬಂದರೆ, ಟಚ್ ಪರದೆ ಬೆರಳಿನಿಂದಾಗುವ ಅತ್ಯಲ್ಪ ವಿದ್ಯುತ್ ಬದಲಾವಣೆಯನ್ನು ಅಳೆಯುತ್ತದೆ. ಕಳಪೆ ಚಾರ್ಜರ್‌ನಿಂದ ಬರುವ ಗದ್ದಲದಲ್ಲಿ ಆ ಅಳತೆ ಕೆಡುತ್ತದೆ, ಮುಟ್ಟದ ಕಡೆ ಮುಟ್ಟಿದಂತೆ ಫೋನ್ ತಿಳಿಯುತ್ತದೆ. ಚಾರ್ಜರ್ ಕಿತ್ತು ಹತ್ತು ನಿಮಿಷ ಆಡಿ ನೋಡಿ. ಜಿಗಿತ ನಿಂತರೆ ಚಾರ್ಜರ್ ಬದಲಿಸಿ. ಆಗಲೂ ಜಿಗಿದರೆ ಟೆಂಪರ್ಡ್ ಗ್ಲಾಸ್ ತೆಗೆದು ಇನ್ನೊಮ್ಮೆ ನೋಡಿ. ಅದೂ ಅಲ್ಲವಾದರೆ ಫೋನ್ ಹಿಡಿದುಕೊಂಡು ಅಂಗಡಿಗೇ ಬನ್ನಿ, ಭಾನುವಾರ ಮಾತ್ರ ಬೇಡ.