ಗಬ್ರಿಯೇಲನಿಗೆ ಎಷ್ಟು ರೆಕ್ಕೆ?

ಓದುಗರೊಬ್ಬರು ಬರೆದಿದ್ದಾರೆ: "ಕ್ರಿಸ್‌ಮಸ್ ನಾಟಕದಲ್ಲಿ ನನ್ನ ಮೊಮ್ಮಗನಿಗೆ ಗಬ್ರಿಯೇಲನ ಪಾರ್ಟು ಸಿಕ್ಕಿದೆ. ದೇವದೂತರಲ್ಲಿ 9 ದರ್ಜೆ ಇವೆಯಂತೆ. ಗಬ್ರಿಯೇಲ ಯಾವ ದರ್ಜೆ? ಎಷ್ಟು ರೆಕ್ಕೆ ಕಟ್ಟಬೇಕು?"

ಮೊದಲು ಆ 9ರ ಲೆಕ್ಕ ಮುಗಿಸೋಣ. ಸುಮಾರು 500ನೇ ಇಸವಿಯ ಹೊತ್ತಿಗೆ ಡಯೊನೀಸಿಯಸ್ ಎಂಬ ಹೆಸರಿನಲ್ಲಿ ಯಾರೋ ಬರೆದಿಟ್ಟ ಪಟ್ಟಿ ಅದು. ಹೆಸರುಗಳು ಬೈಬಲ್‌ನಲ್ಲಿವೆ, ಮೇಲೆ ಕೆಳಗೆ ಜೋಡಿಸಿದ್ದು ಅವರು. ಬೈಬಲ್‌ಗೆ ದರ್ಜೆಗಿಂತ ಕೆಲಸವೇ ಮುಖ್ಯ. ಹೀಬ್ರೂವಿನ 'ಮಲಾಖ್', ಗ್ರೀಕಿನ 'ಆಂಗೆಲೊಸ್', ಎರಡಕ್ಕೂ ಅರ್ಥ ಸುದ್ದಿ ತರುವವನು ಅಂತ. ನಮ್ಮ 'ದೂತ' ಸರಿಯಾಗೇ ಇದೆ ಅಲ್ವಾ?

ಈ ಅರ್ಥ ಹಿಡಿದು ನೋಡಿದರೆ ಆ ಪಟ್ಟಿಯಲ್ಲಿರುವ ಕೆರೂಬಿಯರು ದೂತರೇ ಅಲ್ಲ, ಕಾವಲಿನವರು. ಆದಾಮ ಹವ್ವರನ್ನು ಹೊರಗೆ ಹಾಕಿದ ಮೇಲೆ ಏದೆನ್ ತೋಟದ ದಾರಿ ಕಾಯಲು ನಿಂತವರು ಇವರು. ಪ್ರವಾದಿ ಯೆಹೆಜ್ಕೇಲ ಕಂಡ ಕೆರೂಬಿಗಳಿಗೆ ನಾಲ್ಕು ಮುಖ, ನಾಲ್ಕು ರೆಕ್ಕೆ, ಮೈತುಂಬ ಕಣ್ಣು. ಕಾರ್ಡುಗಳ ಮೇಲಿನ ಗುಂಡು ಕೆನ್ನೆಯ ಮಗುವಿಗೂ ಇದೇ ಹೆಸರು ಹೇಗೆ ಅಂಟಿತೋ! ಅದು ಇಟಲಿಯ ಚಿತ್ರಕಾರರ ಕೈಚಳಕ.

ಪಟ್ಟಿಯ ಇನ್ನೊಂದು ದರ್ಜೆಯಾದ ಸೆರಾಫಿಯರು ಬರುವುದು ಪ್ರವಾದಿ ಯೆಶಾಯನ ದರ್ಶನದಲ್ಲಿ. ಆರು ರೆಕ್ಕೆ. ಎರಡರಿಂದ ಮುಖ ಮುಚ್ಚಿಕೊಳ್ಳುತ್ತಾರೆ, ಎರಡರಿಂದ ಕಾಲು. ಹಾರಲು ಉಳಿಯುವುದು ಎರಡೇ. ಅವರಲ್ಲಿ ಒಬ್ಬ ಯಜ್ಞವೇದಿಯಿಂದ ಕೆಂಡ ತಂದು ಯೆಶಾಯನ ತುಟಿಗೆ ಮುಟ್ಟಿಸುತ್ತಾನೆ. ಸೆರಾಫ್ ಅಂದರೆ ಉರಿಯುವವನು. ಹೆಸರಲ್ಲೇ ಬೆಂಕಿ ಇದ್ದರೂ ಕೆಂಡ ಹಿಡಿಯಲು ಇಕ್ಕಳ ಬೇಕಾಯಿತು ನೋಡಿ! ನನಗೆ ಇಡೀ ದರ್ಶನದಲ್ಲಿ ತುಂಬಾ ಇಷ್ಟವಾದದ್ದು ಆ ಇಕ್ಕಳವೇ.

ನಿಜವಾದ ದೂತರು ಬಂದಾಗ ಇಂಥ ಅಬ್ಬರ ಕಡಿಮೆ. ಅಬ್ರಹಾಮನ ಗುಡಾರಕ್ಕೆ ಉರಿಬಿಸಿಲಲ್ಲಿ ಬಂದ ಮೂವರು ಸುಮ್ನೆ ದಾರಿಹೋಕರಂತೆ ಕಂಡರು. ಕಾಲಿಗೆ ನೀರು ಕೊಟ್ಟ, ರೊಟ್ಟಿ ಸುಡಿಸಿದ, ಮೊಸರು, ಹಾಲು, ಕರುವಿನ ಮಾಂಸ ಬಡಿಸಿದ. ಅವರೂ ಊಟ ಮಾಡಿದರು. ಅವರಲ್ಲಿ ಇಬ್ಬರು ದೂತರು ಅನ್ನುವುದು ಗೊತ್ತಾಗುವುದು ಮುಂದಿನ ಅಧ್ಯಾಯದಲ್ಲಿ. ರೆಕ್ಕೆಯ ಮಾತೇ ಇಲ್ಲ.

'ಪ್ರಧಾನ ದೂತ' ಎಂದು ಬೈಬಲ್ ಹೆಸರು ಹಿಡಿದು ಕರೆಯುವುದು ಮೀಕಾಯೇಲನೊಬ್ಬನನ್ನೇ, ಅದೂ ಯೂದ ಬರೆದ ಪತ್ರದಲ್ಲಿ. ಅವನದು ಯುದ್ಧದ ಕೆಲಸ. ಕಥೋಲಿಕರ ಬೈಬಲ್‌ನಲ್ಲಿರುವ ತೊಬೀತನ ಕಥೆಯಲ್ಲಿ ರಫಾಯೇಲ ಪ್ರಯಾಣದ ಜೊತೆಗಾರ. ಗಬ್ರಿಯೇಲನನ್ನೂ ಪ್ರಧಾನ ದೂತ ಅನ್ನುವುದು ಕ್ರೈಸ್ತ ಸಭೆಯ ಸಂಪ್ರದಾಯ. ಬೈಬಲ್‌ನ ದಾನಿಯೇಲನ ಗ್ರಂಥ ಅವನನ್ನು 'ಮನುಷ್ಯ' ಎಂದೇ ಕರೆಯುತ್ತದೆ. 1951ರಲ್ಲಿ ಹನ್ನೆರಡನೇ ಪಯಸ್ ಪೋಪರು ಅವನನ್ನು ಟೆಲಿಫೋನು, ರೇಡಿಯೋದವರ ಪಾಲಕ ಸಂತನನ್ನಾಗಿ ಮಾಡಿದರು. ಗಬ್ರಿಯೇಲ ಸ್ನಾನಿಕ ಯೋಹಾನನ ತಂದೆ ಜಕರೀಯನಿಗೂ ಯೇಸುವಿನ ತಾಯಿ ಮರಿಯಳಿಗೂ ಮೊದಲು ಹೇಳಿದ ಸಮಾಧಾನದ ಮಾತು ಒಂದೇ: ಹೆದರಬೇಡ.

ಹಾಗಾಗಿ ರೆಕ್ಕೆ ನಿಮ್ಮಿಷ್ಟ. ಕಟ್ಟುವುದಾದರೆ ಎರಡು ಸಾಕು. ಆರು ಕಟ್ಟಿದರೆ ಹುಡುಗ ಪರದೆಗೆ ಸಿಕ್ಕಿಹಾಕಿಕೊಂಡಾನು. ಡೈಲಾಗ್ ಮಾತ್ರ ಚೆನ್ನಾಗಿ ಬಾಯಿಪಾಠ ಮಾಡಿಸಿ.

- ಸಂಪಾದಕ