ನಿವೃತ್ತರ ವಾರದಲ್ಲಿ ರೊಟ್ಟಿಯ ಹೊತ್ತು

ಪ್ರಶ್ನೆ: ನಾನು ಬ್ಯಾಂಕಿನಿಂದಲೂ ನನ್ನ ಹೆಂಡತಿ ಪ್ರೌಢಶಾಲೆಯಿಂದಲೂ ಹೋದ ವರ್ಷ ನಿವೃತ್ತರಾದೆವು. ಸಾಧನಕೇರಿಯ ಬಳಿ ಮನೆ, ಹಿಂದೆ ಒಂದಿಷ್ಟು ಹಿತ್ತಲು ಇದೆ. ಹೊತ್ತು ವ್ಯರ್ಥವಾಗಬಾರದೆಂದು ವಾರದ ಪಟ್ಟಿಯೊಂದನ್ನು ಬರೆದು ಗೋಡೆಗೆ ಅಂಟಿಸಿದ್ದೇನೆ: ದಿನವೂ ಐದೂವರೆಗೆ ಕೆಲಗೇರಿ ಕೆರೆಯತ್ತ ನಡಿಗೆ, ಏಳಕ್ಕೆ ಯೋಗ; ಸೋಮವಾರ, ಗುರುವಾರ ಹತ್ತು ಗಂಟೆಗೆ ಹಿಂದೂಸ್ತಾನಿ ಗಾಯನದ ತರಗತಿ; ಮಂಗಳವಾರ, ಶುಕ್ರವಾರ ಕಂಪ್ಯೂಟರ್; ಬುಧವಾರ, ಶನಿವಾರ ತೋಟ; ಭಾನುವಾರ ಚಿತ್ರಕಲೆ. ಎಲ್ಲವೂ ಇಬ್ಬರಿಗೂ ಸೇರಿ. ಮೂರೇ ತಿಂಗಳಲ್ಲಿ ಇವರು ಯೋಗವನ್ನೂ ಗಾಯನವನ್ನೂ ಬಿಟ್ಟರು. ಪಟ್ಟಿ ನೋಡಿದರೆ ಶಾಲೆಯ ಗಂಟೆ ಕೇಳಿಸುತ್ತದೆ ಎನ್ನುತ್ತಾರೆ. ಇವರಲ್ಲಿ ಉತ್ಸಾಹ ತುಂಬುವುದು ಹೇಗೆ?
– ಓದುಗರು, ಧಾರವಾಡ

ಉತ್ತರ: ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಅದರಲ್ಲಿ ಚಿತ್ರಕಲೆಗೂ ಜಾಗವಿದೆ, ಜೋಳದ ರೊಟ್ಟಿ ಬಡಿಯುವ ಹೊತ್ತಿಗೆ ಮಾತ್ರ ಇಲ್ಲ. ಎಂಟಕ್ಕೆ ಯೋಗ ಮುಗಿಸಿ ಹತ್ತಕ್ಕೆ ಗಾಯನದ ತರಗತಿಯಲ್ಲಿ ಕುಳಿತಿರಬೇಕಾದರೆ, ನಡುವಿನ ಎರಡು ತಾಸುಗಳಲ್ಲಿ ನಾಷ್ಟಾ, ರೊಟ್ಟಿ, ಪಲ್ಯ, ಪಾತ್ರೆ ಎಲ್ಲವನ್ನೂ ಯಾರೋ ಒಬ್ಬರು ಮುಗಿಸಿರಬೇಕು. ಆ ಒಬ್ಬರು ನೀವಲ್ಲವೆಂದು ನನ್ನ ಊಹೆ. ಊಹೆ ತಪ್ಪಿದ್ದರೆ ಕ್ಷಮಿಸಿ. ಸರಿಯಿದ್ದರೆ, ನಾಳೆಯೇ ತರಕಾರಿ ಹೆಚ್ಚುವುದನ್ನೂ ಪಾತ್ರೆಗಳನ್ನೂ ನಿಮ್ಮ ಪಾಲಿಗೆ ತೆಗೆದುಕೊಳ್ಳಿ. ಅವರ ಉತ್ಸಾಹದ ಮಾತನ್ನು ಆಮೇಲೆ ನೋಡೋಣ.

ಇನ್ನು ತರಗತಿಗಳು. ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ಬಾಳಿದ ಊರಿನಲ್ಲಿ ಹಾಡು ಕಲಿಯುವ ಆಸೆ ಹುಟ್ಟುವುದು ಸಹಜ. ಆದರೆ ಅರವತ್ತರ ನಂತರ ಕಲಿಯಲು ಕುಳಿತವರಿಗೆ ವಾರಕ್ಕೆರಡು ತರಗತಿಗಳಿಗಿಂತ ದಿನಕ್ಕೆ ಇಪ್ಪತ್ತು ನಿಮಿಷ, ಮೊಬೈಲಿನಲ್ಲಿ ತಂಬೂರಿಯ ಶ್ರುತಿ ಹಾಕಿಕೊಂಡು, ಷಡ್ಜದ, ಅಂದರೆ ‘ಸ’ದ, ಮೇಲೆ ಸ್ವರ ನಿಲ್ಲುವಂತೆ ಮಾಡುವ ರಿಯಾಜು ಮುಖ್ಯ. ಕಂಪ್ಯೂಟರನ್ನೂ ಕುಂಚವನ್ನೂ ಜೊತೆಗಿಟ್ಟುಕೊಂಡರೆ ಆ ಇಪ್ಪತ್ತು ನಿಮಿಷ ಸಿಗುವುದೇ ಕಷ್ಟ. ಸದ್ಯಕ್ಕೆ ಗಾಯನವೊಂದನ್ನೇ ನೀವು ಇಟ್ಟುಕೊಳ್ಳಿ. ನಿಮ್ಮವರು ಏನು ಕಲಿಯಬೇಕು, ಕಲಿಯಬೇಕೋ ಬೇಡವೋ ಎಂಬುದನ್ನು ಅವರೇ ಹೇಳಲಿ. ಮೂವತ್ತು ವರ್ಷ ತರಗತಿ ನಡೆಸಿದವರಿಗೆ ಮತ್ತೆ ಬೆಂಚಿನ ಮೇಲೆ ಕೂರುವ ಮನಸ್ಸಿಲ್ಲದೆ ಇರಬಹುದು, ಸಂಜೆ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಒಂದು ಉಪನ್ಯಾಸ ಕೇಳಿ, ಗೆಳತಿಯರೊಂದಿಗೆ ಮಾತಾಡುತ್ತ ಮನೆಗೆ ಬರುವುದೇ ಸಾಕೆನಿಸಬಹುದು. ಅಲ್ಲಿಗೆ ನೀವೂ ಹೋಗಲೇಬೇಕೆಂದೇನೂ ಇಲ್ಲ.

ನಡಿಗೆಯನ್ನು ಬಿಡಬೇಡಿ. ಅರವತ್ತೈದು ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನೂ, ಕನಿಷ್ಠ ಮೂರು ದಿನ ಸಮತೋಲನ ಮತ್ತು ಬಲ ಹೆಚ್ಚಿಸುವ ವ್ಯಾಯಾಮವನ್ನೂ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಹಾಗೆ ನೋಡಿದರೆ ವಾರಕ್ಕೆ ಐದು ದಿನ ಅರ್ಧ ತಾಸು ಸಾಕು. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ವೇಗಕ್ಕೆ ಇದೇ ಅಳತೆ. ಒಬ್ಬರ ವೇಗ ಇನ್ನೊಬ್ಬರಿಗೆ ಹೊಂದದಿದ್ದರೆ ಬೇರೆಬೇರೆಯಾಗಿ ನಡೆದು ಕೆರೆಯ ಏರಿಯ ಮೇಲೆ ಕೂಡಿಕೊಳ್ಳಿ. ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ಪಾಚಿ ಹಿಡಿದ ಮೆಟ್ಟಿಲು, ಇಳಿಜಾರುಗಳ ಸಹವಾಸ ಬೇಡ, ಮನೆಯ ಪಡಸಾಲೆಯಲ್ಲಿಯೇ ತಿರುಗಾಡಿ.

ತೋಟಕ್ಕೆ ಬುಧವಾರ, ಶನಿವಾರ ಎಂದು ಗೊತ್ತು ಮಾಡಿದ್ದು ನನಗೆ ನಗು ತರಿಸಿತು. ಹಿತ್ತಲಿನ ವಾರವನ್ನು ಗೊತ್ತು ಮಾಡುವುದು ಮಳೆ ಮತ್ತು ನಳದ ನೀರು. ಮೃಗಶಿರಾ ಮಳೆ ಹಿಡಿದು ನೆಲ ಹದವಾದ ದಿನ, ಅದು ಯಾವ ವಾರವಾದರೂ ಆಗಲಿ, ಹೀರೆ, ಸೌತೆ, ಅವರೆ ಬೀಜಗಳನ್ನು ಊರಬೇಕು. ಮಳೆ ನಿಂತ ಮೇಲೆ ನಿಮ್ಮ ಓಣಿಗೆ ನೀರು ಬಿಡುವ ದಿನವೇ ತೋಟದ ದಿನ. ಉಳಿದ ದಿನಗಳಿಗೆ ಅಕ್ಕಿ, ಬೇಳೆ ತೊಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ಹಿಡಿದಿಡಿ. ಮೊದಲ ವರ್ಷ ಮೆಂತ್ಯೆ, ಪುಂಡಿಯಂತಹ ಸೊಪ್ಪುಗಳೇ ಲೇಸು. ಮೆಂತ್ಯೆಯಂತೂ ಬಿತ್ತಿ ಒಂದು ತಿಂಗಳು ತುಂಬುವುದರೊಳಗೆ ಅಡುಗೆಮನೆ ಸೇರುವುದರಿಂದ, ಕೆಲಸದ ಫಲ ಇಬ್ಬರಿಗೂ ಬೇಗ ಕಾಣುತ್ತದೆ. ಸೆಪ್ಟೆಂಬರ್ ಸುಮಾರಿಗೆ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಮೇಳ ನಡೆದಾಗ ಇಬ್ಬರೂ ಹೋಗಿ ಬೀಜದ ಮಳಿಗೆಗಳನ್ನು ನೋಡಿಕೊಂಡು ಬನ್ನಿ. ಅಲ್ಲಿ ಏನು ಕೊಳ್ಳಬೇಕೆಂಬುದನ್ನು ಅವರಿಗೇ ಬಿಡಿ.

ಪ್ರಶ್ನೆ: ನಿವೃತ್ತಿಯ ನಂತರ ನಾವಿಬ್ಬರೂ ಮಾಳಿಗೆಯ ಮೇಲೆ ಕುಂಡಗಳಲ್ಲಿ ಮೆಣಸಿನ ಗಿಡ ಬೆಳೆಸುತ್ತಿದ್ದೇವೆ. ಹೊಲದಿಂದ ತಂದ ಒಳ್ಳೆಯ ಎರೆ ಮಣ್ಣನ್ನೇ ತುಂಬಿದ್ದರೂ ಗಿಡಗಳು ಹಳದಿಯಾಗಿ ಸಾಯುತ್ತಿವೆ. ದಿನವೂ ತಪ್ಪದೆ ನೀರು ಹಾಕುತ್ತೇವೆ.
– ಓದುಗರು, ಗದಗ

ಉತ್ತರ: ಹೊಲದಲ್ಲಿ ಎರೆ ಮಣ್ಣಿನ ಗುಣವಾದದ್ದು ಕುಂಡದಲ್ಲಿ ದೋಷವಾಗುತ್ತದೆ. ಅದು ನೀರನ್ನು ಬಹಳ ದಿನ ಹಿಡಿದಿಡುತ್ತದೆ, ಒಣಗಿದಾಗ ಬಿರಿಯುತ್ತದೆ. ಕುಂಡದ ಇಕ್ಕಟ್ಟಿನಲ್ಲಿ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಒಂದು ಪಾಲು ಎರೆ ಮಣ್ಣಿಗೆ ಒಂದು ಪಾಲು ಮರಳು ಅಥವಾ ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸೇರಿಸಿ, ಕುಂಡದ ತಳದ ತೂತಿನ ಮೇಲೆ ಹಂಚಿನ ಚೂರು ಇಟ್ಟು ತುಂಬಿ. ದಿನವೂ ನೀರು ಹಾಕುವುದು ನಿಮ್ಮ ಪ್ರೀತಿ, ಗಿಡದ ಅಗತ್ಯವಲ್ಲ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ, ತೇವ ತಾಗಿದರೆ ಆ ದಿನ ತಂಬಿಗೆಯನ್ನು ಕೆಳಗಿಡಿ.